ಗಿಣಿಗೆ, ಚಿತ್ರದ ಪುಸ್ತಕಗಳ ವಿಚಾರ

ಫೆಬ್ರವರಿ ೯, ಭಾನುವಾರ

ಪ್ರೀತಿಯ ಗಿಣಿ,

ನೀನು, ನಿನ್ನ ಯಜಮಾನರು, ಅವರ ಸೈಕಲ್ ಅಂಗಡಿ, ಎಲ್ಲ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಮೊದಲ ಕಾಗದ ಬಂದು ಎಂಟು ತಿಂಗಳಾಯಿತು, ಎರಡನೆಯದು ಬಂದು ಮೂರು. ಎರಡಕ್ಕೂ ಉತ್ತರ ಹಾಕದೆ ಕೂತ ನನ್ನನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದರೂ ಅದು ನ್ಯಾಯವೇ. ಆದರೆ ಕಾರಣ ಸೋಮಾರಿತನವಲ್ಲ. ನಗುತ್ತೀಯೋ ಅಳುತ್ತೀಯೋ ನಾನರಿಯೆ, ನಿನ್ನ ಅಕ್ಕನಿಗೆ ಈಗ ಓದಲು ಬರುವುದಿಲ್ಲ.

ಹೌದು, ನೀನು ಸರಿಯಾಗೇ ಓದಿದೆ. ಮೂವತ್ತೆರಡು ವರ್ಷ ಬೇರೆಯವರ ಅಕ್ಷರ ತಿದ್ದಿದವಳಿಗೆ, ಪ್ರೆಸ್ಸಿನವರೆಲ್ಲ 'ಸೂಜಿಕಣ್ಣು' ಎಂದು ಕರೆಯುತ್ತಿದ್ದವಳಿಗೆ, ಈಗ ಅ ಆ ಇ ಈ ಕೂಡ ಬರುವುದಿಲ್ಲ.

ಹೋದ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಪ್ರೆಸ್ಸಿನಿಂದ ಕರಡು ಬಂತು. ನಿವೃತ್ತಿಯಾದ ಮೇಲೂ ಮನೆಗೆ ಕಳಿಸುತ್ತಿದ್ದರಲ್ಲ, ಹಾಗೆ. ಬಿಚ್ಚಿ ನೋಡಿದರೆ ಹಾಳೆಯ ತುಂಬ ಕೊಕ್ಕೆ, ಸೊನ್ನೆ, ಬಾಲ. ಒಂದಾದರೂ ಅಕ್ಷರವಾಗಿರಲಿಲ್ಲ. ಕಂಪ್ಯೂಟರಿನವನಿಗೆ ಫೋನು ಮಾಡಿ, "ಫಾಂಟ್ ಒಡೆದುಹೋಗಿದೆ ಕಣಪ್ಪ, ಇನ್ನೊಂದು ಪ್ರಿಂಟ್ ತೆಗೆದು ಕಳ್ಸು" ಎಂದೆ. ಕಳಿಸಿದ. ಅದೂ ಹಾಗೇ ಇತ್ತು. ಚೆನ್ನಾಗಿ ಬೈದೆ. ಮೂರನೆಯ ಸಲ ಅವನೇ ಬಂದ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲ ಸಾಲನ್ನು ಗಟ್ಟಿಯಾಗಿ ಓದಿದ. "ಸರಿಯಾಗೇ ಇದೆಯಲ್ಲಾ ಮೇಡಂ" ಎಂದ. ನಾನು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದೆ. ಅಲ್ಲಿ ತಿಂಗಳ ಹೆಸರಿನ ಫಾಂಟೂ ಒಡೆದಿತ್ತು.

ಅವನೇ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಪುಣ್ಯಾತ್ಮ. ಮೆದುಳಿನಲ್ಲಿ ಒಂದು ಸಣ್ಣ ನಾಳ ಕಟ್ಟಿಕೊಂಡಿತ್ತಂತೆ. "ಕಣ್ಣು ಚೆನ್ನಾಗಿದೆ, ಓದೋ ಜಾಗಾನೂ ಚೆನ್ನಾಗಿದೆ, ಎರಡರ ಮಧ್ಯದ ದಾರಿ ಮುಚ್ಚಿಹೋಗಿದೆ" ಎಂದರು ಡಾಕ್ಟರು. ಕೈಗೆ ಪೆನ್ನು ಕೊಟ್ಟು, ಏನಾದರೂ ಬರೀರಿ ಎಂದರು. ಹೆಸರು ಬರೆದೆ, ಮನೆಯ ವಿಳಾಸ ಬರೆದೆ, ಒಂದು ಒತ್ತೂ ತಪ್ಪಲಿಲ್ಲ. "ಈಗ ಇದನ್ನ ಓದಿ" ಎಂದರು. ಆಗಲಿಲ್ಲ ಗಿಣಿ. ನಾನೇ ಬರೆದದ್ದು, ಶಾಯಿ ಇನ್ನೂ ಒಣಗಿರಲಿಲ್ಲ.

ಹಾಗಾಗಿ ಬರೆಯಲು ಬರುತ್ತದೆ, ಬರೆದದ್ದು ಓದಲು ಬರುವುದಿಲ್ಲ. ಈ ಕಾಗದವನ್ನು ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಡುವೆ ಎದ್ದು ಟೀ ಮಾಡಿಕೊಂಡು ಬಂದರೆ ಎಲ್ಲಿ ನಿಲ್ಲಿಸಿದ್ದೆ ಎಂದು ತಿಳಿಯುವುದಿಲ್ಲ, ಅದಕ್ಕೇ ಏಳುತ್ತಿಲ್ಲ. ಹೇಳಿದ್ದನ್ನೇ ಹೇಳಿದ್ದರೆ ಹೊಟ್ಟೆಗೆ ಹಾಕಿಕೋ. ಕರಡು ತಿದ್ದದೆ ನನ್ನ ಕೈಬಿಟ್ಟು ಹೋಗುತ್ತಿರುವ ಮೊದಲ ಬರಹ ಇದು.

ಅಂಕಿಗಳು ಮಾತ್ರ ಉಳಿದಿವೆ, ಏಕೋ. ಬಸ್ಸಿನ ನಂಬರು, ಪುಟದ ಸಂಖ್ಯೆ, ಮಾತ್ರೆ ನುಂಗುವ ಹೊತ್ತು. ಹಾಗಾದರೆ ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯೆ. ಎರಡು ಸಲ ನಿನ್ನ ನಂಬರು ಒತ್ತಿದೆ. ನೀನು ಎತ್ತುವ ಮೊದಲೇ ಇಟ್ಟುಬಿಟ್ಟೆ.

ಲಕೋಟೆಯ ಮೇಲಿನ ಬರಹ ನಿನ್ನದೆಂದು ಅದರ ವಾಲಾಟದಿಂದಲೇ ತಿಳಿಯಿತು. ನಡೆಯುವವರನ್ನು ದೂರದಿಂದ ಗುರುತು ಹಿಡಿಯುತ್ತೇವಲ್ಲ, ಹಾಗೆ. ಅಕ್ಷರದ ಮೇಲೆ ಬೆರಳಾಡಿಸಿದರೆ ಕೈಗೆ ನೆನಪಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಒಂದು ಮಧ್ಯಾಹ್ನವಿಡೀ ಕೂತು ನಿನ್ನ ಮೊದಲ ಸಾಲಿನ ಮೇಲೆ ಬೆರಳಾಡಿಸಿದೆ. 'ಅಕ್ಕ ಹೇಗಿದ್ದೀರಿ' ಎಂದು ಸಿಕ್ಕಿತು. ಅಷ್ಟಕ್ಕೇ ತಲೆ ಸಿಡಿದು ಮಲಗಿಬಿಟ್ಟೆ. ಉಳಿದದ್ದನ್ನು ಯಾರಿಂದಲಾದರೂ ಓದಿಸಲು ನಾಚಿಕೆ. ಮೂರನೆಯ ಮಹಡಿಯಲ್ಲಿ ಎದುರು ಮನೆಯವರಿದ್ದಾರೆ, ತೆರಿಗೆ ಕಚೇರಿಯ ಗುಮಾಸ್ತರು. ಆಸ್ಪತ್ರೆಯಿಂದ ಬಂದ ದಿನ "ಏನಾದ್ರೂ ಬೇಕಿದ್ರೆ ಹೇಳಿ" ಎಂದರು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಹಾಕಿಕೊಂಡರು. ಕೆಟ್ಟವರಲ್ಲ. ಒಲೆಯ ಮೇಲೆ ಏನೋ ಇಟ್ಟು ಬಂದಿದ್ದರೇನೋ.

ಮನೆಯಲ್ಲಿ ನಾಲ್ಕು ಬೀರು ಪುಸ್ತಕ. ದಿನವೂ ಧೂಳು ಒರೆಸುತ್ತೇನೆ. ತಮ್ಮನ ಹೆಂಡತಿ ಭಾನುವಾರ ಭಾನುವಾರ ಫೋನು ಮಾಡಿ, "ಅತ್ತಿಗೆ, ಟೀವಿ ನೋಡಿ, ಹೊತ್ತು ಹೋಗುತ್ತೆ" ಎನ್ನುತ್ತಾಳೆ. ಹೊತ್ತು ಹೋಗಲಿ ಎಂದು ನಾನು ಯಾವತ್ತು ಓದಿದೆ ಹೇಳು?

ಆಗಸ್ಟಿನಲ್ಲಿ ಒಂದು ದಿನ, ಕೈಯಲ್ಲಿದ್ದ ಪುಸ್ತಕ ಹಿಂತಿರುಗಿಸಲೆಂದು ಲೈಬ್ರರಿಗೆ ಹೋದೆ. ಬಾಗಿಲ ಮೇಲಿನ ಫಲಕ ಓದಲು ಬಾರದೆ ಮಕ್ಕಳ ವಿಭಾಗಕ್ಕೆ ನುಗ್ಗಿದೆ. ಅಲ್ಲಿನ ಲೈಬ್ರರಿಯಮ್ಮ ನಿವೃತ್ತಿಗೆ ಎರಡು ವರ್ಷ ಇರುವಾಕೆ. ವರ್ಷವಿಡೀ ನೆಗಡಿ, ಮಾತು ಚುಟುಕು. ನನ್ನ ಅವಸ್ಥೆ ಹೇಳಿದೆ. ಅಯ್ಯೋ ಪಾಪ ಎನ್ನಲಿಲ್ಲ. "ಹಾಗಾದ್ರೆ ಸರಿಯಾದ ಜಾಗಕ್ಕೇ ಬಂದಿದೀರಿ" ಎಂದು ಮೊಳಕಾಲೆತ್ತರದ ಕುರ್ಚಿ ಎಳೆದು ಕೂರಿಸಿ, ಮೂರು ಚಿತ್ರದ ಪುಸ್ತಕ ಮುಂದಿಟ್ಟು ಹೋದಳು. ಅಂದಿನಿಂದ ವಾರಕ್ಕೆ ಮೂರು ದಿನ ಅಲ್ಲೇ ಇದ್ದೇನೆ.

ಮೊದಲ ವಾರ ಒಂದು ಹುಡುಗಿ, ಆರು ವರ್ಷವಿರಬೇಕು, ಪಕ್ಕದಲ್ಲಿ ನಿಂತು ಬಹಳ ಹೊತ್ತು ನೋಡಿತು. "ಅಜ್ಜಿ, ನಿಮ್ಗೆ ಓದಕ್ಕೆ ಬರಲ್ವಾ?" ಎಂದಿತು. ಇಲ್ಲ ಎಂದೆ. "ನಮ್ ಕ್ಲಾಸಲ್ಲೂ ಇಬ್ರಿಗೆ ಬರಲ್ಲ. ಅವ್ರನ್ನ ಹಿಂದೆ ಕೂರಿಸ್ತಾರೆ" ಎಂದು ಸಮಾಧಾನ ಹೇಳಿ ಹೋಯಿತು.

ನಿನ್ನ ಕಾಗದಗಳನ್ನು ಲೈಬ್ರರಿಯಮ್ಮನಿಂದ ಓದಿಸಿಕೊಳ್ಳಲು ನನಗೆ ಇನ್ನೂ ಐದು ತಿಂಗಳು ಬೇಕಾಯಿತು. ಹೋದ ಗುರುವಾರ ಧೈರ್ಯ ಮಾಡಿ ಕೊಟ್ಟೆ. ನೀನು ಹೊಲಿಗೆ ತರಗತಿಯಲ್ಲಿ ಹಾಜರಿ ಕೂಗುವ ಕೆಲಸಕ್ಕೆ ಸೇರಿದ್ದು, ಮಂಡಿ ನೋವು, ಯಜಮಾನರು ಬೀಡಿ ಬಿಟ್ಟದ್ದು, ಮತ್ತೆ ಹಿಡಿದದ್ದು, ಎಲ್ಲವೂ ತಿಳಿಯಿತು. ಆಕೆ ಒಂದೇ ದನಿಯಲ್ಲಿ, ಉಸಿರು ಬಿಡದೆ ಓದುತ್ತಾಳೆ. ನಿನ್ನ ಹಾಗಲ್ಲ. ಹತ್ತೊಂಬತ್ತು ವರ್ಷ ಆ ಗಾಜಿನ ಕೋಣೆಯಲ್ಲಿ, ಆಚೆ ಯಂತ್ರಗಳು ಗಡಗಡ ಎನ್ನುತ್ತಿದ್ದರೂ, ನೀನು ಹಸ್ತಪ್ರತಿ ಓದುತ್ತಿದ್ದೆ, ನಾನು ಕರಡಿನ ಮೇಲೆ ಪೆನ್ಸಿಲ್ ಓಡಿಸುತ್ತಿದ್ದೆ. 'ಅವಳು ಹೋದಳು ಪೂರ್ಣ, ಬಾಗಿಲು ಅಲ್ಪ, ಕಿಟಕಿ ಅಲ್ಪ, ಎಲ್ಲವೂ ಮುಚ್ಚಿದ್ದವು ಪೂರ್ಣ.' ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಿಡದೆ ನೀನು ಒಪ್ಪಿಸುತ್ತಿದ್ದೆ ಎಂದೇ ಅಲ್ಲವೆ ನಿನಗೆ ಗಿಣಿ ಎಂದು ಹೆಸರು ಬಿದ್ದದ್ದು.

'ಈಚೆಗೆ ಏನು ಓದಿದಿರಿ ಅಕ್ಕ, ಮೊದಲಿನ ಹಾಗೆ ಮುಚ್ಚುಮರೆ ಇಲ್ಲದೆ ಬರೀರಿ' ಎಂದು ಕೇಳಿದ್ದೀಯೆ. ಬರೆಯುತ್ತೇನೆ. ಪುಸ್ತಕದ ಹೆಸರು, ಬರೆದವರ ಹೆಸರು ಕೇಳಬೇಡ. ನಾನೇ ಹೆಸರಿಟ್ಟುಕೊಂಡಿದ್ದೇನೆ.

ಮೊದಲನೆಯದು ಕರಡಿ ಪುಸ್ತಕ. ಒಂದು ಕರಡಿ ಶೂ ಕೊಳ್ಳಲು ಅಂಗಡಿಗೆ ಹೋಗುತ್ತದೆ. ನಾಲ್ಕು ಕಾಲಲ್ಲವೆ, ಅಂಗಡಿಯವನು ಎರಡು ಡಬ್ಬ ಕೊಡುತ್ತಾನೆ. ಇಲ್ಲಿಯವರೆಗೆ ಲೆಕ್ಕ ಸರಿ. ಒಂಬತ್ತನೆಯ ಪುಟದಿಂದ ಮುಂದೆ ಎಲ್ಲಾ ಚಿತ್ರಗಳಲ್ಲೂ ಮೂರೇ ಶೂ. ಚಿತ್ರಕಾರನಿಗೆ ಗಮನವಿಲ್ಲ, ತಿದ್ದುವವರು ಮಲಗಿದ್ದಾರೆ ಎಂದು ನನ್ನ ಹಳೆಯ ಸಿಟ್ಟು ಬಂತು. ಲೈಬ್ರರಿಯಮ್ಮನ ಹತ್ತಿರ ಹೋಗಿ ಪುಟದ ನಂಬರು ಸಮೇತ ಒಪ್ಪಿಸಿದೆ. ಪ್ರಕಾಶಕರಿಗೆ ಬರೆಯಿರಿ ಎಂದೂ ಹೇಳಿದೆ. ಆಕೆ ಮೂಗು ಒರೆಸಿಕೊಂಡು, "ಶೂ ಕಳೆದುಕೊಂಡಿದ್ದೇ ಕಥೆ ಅಮ್ಮಾ. ಹುಡುಕ್ತಾ ಹೋಗುತ್ತೆ" ಎಂದಳು. ಇಷ್ಟು ವರ್ಷದಲ್ಲಿ ನಾನು ಹೀಗೆ ಎಷ್ಟು ಜನರ ಕಥೆಯನ್ನು ತಪ್ಪೆಂದು ತಿದ್ದಿ ಕಳಿಸಿದೆನೋ. ಅಭಿಪ್ರಾಯ ಕೇಳಿದೆಯಲ್ಲ: ಪುಸ್ತಕ ಬಲು ಚೆನ್ನಾಗಿದೆ. ಕರಡಿಯ ಬೆನ್ನು ನೋಡಿದರೇ ಸಾಕು, ಅದಕ್ಕೆ ಬೇಜಾರಾಗಿದೆ ಎಂದು ತಿಳಿಯುತ್ತದೆ. ಮುಖ ತೋರಿಸದೆ ಬೇಜಾರು ಬರೆಯುವುದು ಸುಲಭದ ಮಾತಲ್ಲ.

ಎರಡನೆಯದು ಕಿಟಕಿ ಒರೆಸುವವನ ಪುಸ್ತಕ. ಅದರಲ್ಲಿ ಅಕ್ಷರವೇ ಇಲ್ಲ ಎಂದು ಆಕೆ ಹೇಳಿದಾಗ ಎಷ್ಟು ಹಗುರವಾಯಿತು ಗೊತ್ತೆ? ಅಂತೂ ಒಂದು ಪುಸ್ತಕವನ್ನು ನಾನೂ ಪೂರ್ತಿ ಓದಬಹುದು. ಎತ್ತರದ ಕಟ್ಟಡ, ಹಗ್ಗಕ್ಕೆ ತೂಗುಬಿದ್ದ ಮನುಷ್ಯ, ಪುಟಕ್ಕೊಂದು ಕಿಟಕಿ. ಒಂದರಲ್ಲಿ ಗಂಡಸೊಬ್ಬ ಕನ್ನಡಿ ಮುಂದೆ ಭಾಷಣ ಕಲಿಯುತ್ತಿದ್ದಾನೆ. ಇನ್ನೊಂದರಲ್ಲಿ ಹೆಂಗಸೊಬ್ಬಳು ಎರಡು ಬಟ್ಟಲಿಗೆ ಟೀ ಸುರಿದು, ಎರಡನ್ನೂ ತಾನೇ ಕುಡಿಯುತ್ತಿದ್ದಾಳೆ. ಆ ಪುಟದಲ್ಲಿ ಅರ್ಧ ಗಂಟೆ ಕೂತೆ. ಕೊನೆಯಲ್ಲಿ ಮಾತ್ರ ಚಿತ್ರಕಾರ ಕೈಕೊಟ್ಟ. ಎಲ್ಲ ಕಿಟಕಿಯವರೂ ಕೆಳಗಿಳಿದು ಬಂದು ಅಂಗಳದಲ್ಲಿ ಕೈಕೈ ಹಿಡಿದು ಕುಣಿಯುತ್ತಾರೆ. ನಮ್ಮ ಕಟ್ಟಡದಲ್ಲಿ ಒಂಬತ್ತು ಬಾಗಿಲು. ಹನ್ನೆರಡು ವರ್ಷದಲ್ಲಿ ಎಲ್ಲರೂ ಒಟ್ಟಿಗೆ ಕೆಳಗಿಳಿದದ್ದು ಒಂದೇ ಸಲ, ಗ್ಯಾಸ್ ವಾಸನೆ ಬಂತೆಂದು. ಆಗಲೂ ಯಾರೂ ಯಾರ ಕೈಯನ್ನೂ ಹಿಡಿಯಲಿಲ್ಲ. ಮಕ್ಕಳಿಗೆ ಸುಳ್ಳು ಹೇಳಬಾರದೆಂದಲ್ಲ. ಅಷ್ಟು ಚೆನ್ನಾಗಿ ನಿಜ ಹೇಳಿದ ಮೇಲೆ ಹೇಳಬಾರದು.

ಮೂರನೆಯದು ತಮ್ಮನ ಹೆಂಡತಿ ಕಳಿಸಿದ ದುಬಾರಿ ಪುಸ್ತಕ, ರಾಣಿಯರದ್ದು. ಎತ್ತಿದರೆ ತೋಳು ನೋಯುತ್ತದೆ. ಬಂಗಾರದ ಬಣ್ಣಕ್ಕೆ ಬರವಿಲ್ಲ. ಆದರೆ ಎಲ್ಲ ರಾಣಿಯರಿಗೂ ಒಂದೇ ಮುಖ, ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ. ಯುದ್ಧಕ್ಕೆ ಹೋದವಳೂ, ಹೆತ್ತವಳೂ, ವಿಷ ಕುಡಿದವಳೂ ಹಲ್ಲುಪುಡಿ ಜಾಹೀರಾತಿನಂತೆ ನಗುತ್ತಿದ್ದಾರೆ. ಮೂವತ್ತೊಂದನೆಯ ಪುಟದಲ್ಲಿ ಮಂಚದ ಕೆಳಗೆ ಒಂದು ನಾಯಿ ಕಿವಿ ಕೆರೆದುಕೊಳ್ಳುತ್ತಿದೆ. ಚಿತ್ರಕಾರ ಮನಸ್ಸಿಟ್ಟು ಬರೆದದ್ದು ಅದೊಂದನ್ನೇ. ಹೇಗಿದೆ ಎಂದು ಅವಳು ಕೇಳಿದಳು. ನಾಯಿ ಬಹಳ ಚೆನ್ನಾಗಿದೆ ಎಂದೆ. ಆ ಭಾನುವಾರ ಮಾತು ಬೇಗ ಮುಗಿಯಿತು.

ಹಕ್ಕಿಗಳ ಪುಸ್ತಕವೊಂದಿದೆ, ದೊಡ್ಡವರದ್ದೇ. ಅದರಲ್ಲಿ ಏನೂ ನಡೆಯುವುದಿಲ್ಲ. ಹಕ್ಕಿ ಕೂತಿದೆ, ಅಷ್ಟೆ. ಒಂದೊಂದು ಗರಿಯನ್ನೂ ಬಿಡದೆ ಬರೆದಿದ್ದಾರೆ. ಪೆನ್ಸಿಲ್ ಹಿಡಿದು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹುಡುಕಿದೆ. ಗರಿ ಎಣಿಸಿದೆ, ಉಗುರು ಎಣಿಸಿದೆ, ನೆರಳು ಬಿದ್ದ ಕಡೆ ನೋಡಿದೆ. ಒಂದು ತಪ್ಪೂ ಸಿಗಲಿಲ್ಲ. ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ನೋಡಲು ಶುರು ಮಾಡಿದೆ. ಸುಮ್ಮನೆ ನೋಡುವುದು ನನಗೆ ಅಭ್ಯಾಸವೇ ಇರಲಿಲ್ಲ. ಅದನ್ನು ನಾಲ್ಕು ಸಲ ತಂದೆ.

ಕೊನೆಯದು ಚಿತ್ರಕಥೆ, ಬಣ್ಣವಿಲ್ಲದ್ದು. ಮಾತುಗಳೆಲ್ಲ ಗುಳ್ಳೆಯೊಳಗೆ ಇರುತ್ತವಲ್ಲ, ಅಂಥದ್ದು. ಫೋಟೋ ಸ್ಟುಡಿಯೋ ನಡೆಸುವ ಅಕ್ಕತಂಗಿಯರದ್ದು. ಗುಳ್ಳೆಗಳನ್ನು ಓದಲಾರೆ, ಗಾತ್ರ ನೋಡಬಲ್ಲೆ. ಮೊದಲು ತಂಗಿಯ ಗುಳ್ಳೆಗಳು ದೊಡ್ಡವು, ಅಕ್ಕನವು ಚಿಕ್ಕವು. ನಡುವೆ ನಾಲ್ಕು ಪುಟ ಗುಳ್ಳೆಯೇ ಇಲ್ಲ, ಇಬ್ಬರೂ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತಾರೆ, ಬೆನ್ನಿಗೆ ಬೆನ್ನು. ಆಮೇಲೆ ತಂಗಿ ಪೆಟ್ಟಿಗೆ ಹಿಡಿದು ಹೊರಡುತ್ತಾಳೆ, ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ. ಎದೆಗೆ ನಾಟಿತು. ಲೈಬ್ರರಿಯಮ್ಮನಿಗೆ ಹೇಳಿದೆ, "ಈ ಅಕ್ಕ ಇದಾಳಲ್ಲ, ಕಳ್ಳಿ. ತಂಗೀನ ಉಪಾಯವಾಗಿ ಹೊರಗೆ ಹಾಕಿದಾಳೆ. ಈಗ ಬಾಗಿಲಲ್ಲಿ ನಿಂತು ನಾಟಕ ಆಡ್ತಾಳೆ."

ಆಕೆ ಪುಸ್ತಕ ತೆಗೆದುಕೊಂಡು ಗುಳ್ಳೆಗಳನ್ನು ಓದಿದಳು. "ಇಲ್ವಲ್ಲ. ತಂಗಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ಅಕ್ಕಾನೇ ಟಿಕೆಟ್ ತೆಗೆಸಿಕೊಟ್ಟಿದಾಳೆ. ಹೋಗಿ ಸುಖವಾಗಿರು ಅಂತಿದಾಳೆ."

"ಮುಖ ನೋಡಿ, ಹಾಗಿಲ್ಲ" ಎಂದೆ.

"ನೋಡಿದೆ. ಅಳ್ತಿದಾಳೆ, ಅಷ್ಟೆ." ಕನ್ನಡಕದ ಮೇಲಿಂದ ನನ್ನನ್ನೇ ನೋಡಿದಳು. "ನಿಮ್ಗೆ ಹಾಗೆ ಯಾಕೆ ಅನ್ನಿಸ್ತು?"

ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ. ಇನ್ನೂ ಒಂದು ಗಂಟೆ ಬಸ್ಸಿರಲಿಲ್ಲ. ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೆ.

ಇಷ್ಟೇ ಗಿಣಿ, ನನ್ನ ಈ ವರ್ಷದ ಓದು. ಆರೋಗ್ಯ ಬೇರೆ ಎಲ್ಲ ರೀತಿಯಲ್ಲೂ ಚೆನ್ನಾಗಿದೆ. ಅಡುಗೆ ಮಾಡಿಕೊಳ್ಳುತ್ತೇನೆ. ಸಕ್ಕರೆ ಉಪ್ಪು ಡಬ್ಬಗಳಿಗೆ ಬೇರೆ ಬೇರೆ ಬಣ್ಣದ ರಿಬ್ಬನ್ ಕಟ್ಟಿದ್ದೇನೆ. ಮಂಡಿಗೆ ಬಿಸಿನೀರಿನ ಶಾಖ ಕೊಡು, ಮೆಟ್ಟಿಲು ಹತ್ತುವಾಗ ಅವಸರ ಮಾಡಬೇಡ. ನಿನ್ನ ದನಿ ಯಾವತ್ತೂ ಒಡೆಯದಿರಲಿ, ನಿನ್ನ ಮನೆಯಲ್ಲಿ ನಗು ತುಂಬಿರಲಿ. ಯಜಮಾನರಿಗೆ ನನ್ನ ನಮಸ್ಕಾರ, ಬೀಡಿಗೆ ಅಲ್ಲ.

ನಿನ್ನ
ಅಕ್ಕ

ಮರೆತ ಮಾತು: ಮರೆತಿರಲಿಲ್ಲ. ಲಕೋಟೆಗೆ ಹಾಕಿ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿದೆ. ಈಗ ಸೋಮವಾರ ಬೆಳಿಗ್ಗೆ.

ನಿನ್ನ ಎರಡನೆಯ ಕಾಗದದ ಕೊನೆಯ ಭಾಗದ ಬಗ್ಗೆ ನಾನು ಮೇಲೆ ಏನೂ ಬರೆಯಲಿಲ್ಲ. ನಮ್ಮ ಹಳೆಯ ಮ್ಯಾನೇಜರು ನಿಮ್ಮೂರಿನಲ್ಲೇ ಮಗಳ ಮನೆಯಲ್ಲಿದ್ದಾರೆ, ಔಷಧಿ ಅಂಗಡಿಯಲ್ಲಿ ಕೋಲೂರಿಕೊಂಡು ನಿಂತಿದ್ದರು, ಹೇಗಿದೀಯಮ್ಮಾ ಎಂದು ಕೇಳಿದರೂ ನೀನು ಮುಖ ತಿರುಗಿಸಿ ಬಂದೆ ಎಂದು ಬರೆದಿದ್ದೀಯೆ. 'ನನ್ನ ಕೆಲಸ ಕಿತ್ತುಕೊಂಡವರನ್ನು ನಾನು ಇನ್ನೂ ಕ್ಷಮಿಸಿಲ್ಲ. ಅವತ್ತು ನನ್ನ ಪರ ನಿಂತಿದ್ದು ನೀವೊಬ್ಬರೇ ಅಕ್ಕ' ಎಂದೂ ಬರೆದಿದ್ದೀಯೆ. ಲೈಬ್ರರಿಯಮ್ಮ ಅದನ್ನೂ ಒಂದೇ ದನಿಯಲ್ಲಿ ಓದಿದಳು. ಇನ್ನೊಮ್ಮೆ ಓದಿ ಎಂದೆ. ಓದಿದಳು.

ಕೇಳು. ಹನ್ನೊಂದು ವರ್ಷದ ಹಿಂದೆ ಅವರು ನನ್ನನ್ನು ಒಳಗೆ ಕರೆದು ಕೂರಿಸಿ ಹೇಳಿದರು: "ಕಂಪ್ಯೂಟರ್ ಬಂದ ಮೇಲೆ ಕರಡು ಕಮ್ಮಿ ಆಗಿದೆ. ಆದ್ರೂ ಇಬ್ಬರನ್ನೂ ಇಟ್ಕೊಳ್ಳೋ ಆಸೆ ನಂಗೆ. ವಾರಕ್ಕೆ ಮೂರು ದಿನ ನೀವು, ಮೂರು ದಿನ ಅವ್ಳು. ಅವ್ಳೂ ತಿದ್ದೋದು ಕಲೀಲಿ. ಏನಂತೀರಿ?" ನೀನು ತಿದ್ದುವುದು ಕಲಿತರೆ ನನಗಿಂತ ಚೆನ್ನಾಗಿ ತಿದ್ದುತ್ತೀಯೆ ಎಂದು ನನಗೆ ಗೊತ್ತಿತ್ತು. ಆ ತಿಂಗಳು ನೀನು ಬರೀ ಓದುತ್ತ ಓದುತ್ತಲೇ, ನನ್ನ ಕಣ್ಣಿಗೆ ಬೀಳದ ಮೂರು ತಪ್ಪು ಹಿಡಿದಿದ್ದೆ, ನೆನಪಿದೆಯೋ ಇಲ್ಲವೋ. ಸೂಜಿಕಣ್ಣು ಎಂಬ ಹೆಸರು ನನಗೊಬ್ಬಳಿಗೇ ಇರಬೇಕಿತ್ತು. "ಓದಿ ಹೇಳೋರು ಬೇಕಾಗಿಲ್ಲ ಸಾರ್, ನಾನೊಬ್ಳೇ ನೋಡ್ಕೋತೀನಿ" ಎಂದೆ. ಅವರು ಎರಡು ಸಲ ಕೇಳಿದರು. ಎರಡು ಸಲವೂ ಅದನ್ನೇ ಹೇಳಿದೆ.

ಆಮೇಲೆ ನೀನು ಅಳುತ್ತ ಬಂದಾಗ ನಿನ್ನ ಕೈ ಹಿಡಿದು ಅವರ ಕೋಣೆಗೆ ನುಗ್ಗಿ ಕೂಗಾಡಿದವಳೂ ನಾನೇ. ಅವರು ನನ್ನ ಮುಖವನ್ನೇ ನೋಡಿದರು, ಒಂದು ಮಾತೂ ಆಡಲಿಲ್ಲ. ಅವತ್ತು ನಿನ್ನೆದುರು ನನ್ನ ಮಾನ ಉಳಿಸಿದರು. ಇಷ್ಟು ವರ್ಷ ನಿನ್ನ ಸಿಟ್ಟನ್ನು ಅವರು ಹೊತ್ತರು, ನಿನ್ನ ಪ್ರೀತಿಯನ್ನು ನಾನು ತಿಂದೆ.

ಇದನ್ನು ಫೋನಿನಲ್ಲಿ ಹೇಳಲು ನನ್ನಿಂದಾಗಲಿಲ್ಲ. ನೀನು 'ಅಕ್ಕಾ' ಎಂದರೆ ಸಾಕು, ಬೇರೆ ಏನೋ ಮಾತಾಡಿ ಇಟ್ಟುಬಿಡುತ್ತೇನೆ. ಉತ್ತರ ಬರೆಯಬೇಕೆಂದಿಲ್ಲ. ನನ್ನನ್ನು ಕ್ಷಮಿಸೆಂದೂ ಕೇಳುತ್ತಿಲ್ಲ. ಅವರಿಗೆ ಎಂಬತ್ತರ ಮೇಲಾಯಿತು. ಇವತ್ತೋ ನಾಳೆಯೋ ಅವರ ಮಗಳ ಮನೆ ಹುಡುಕಿಕೊಂಡು ಹೋಗು. ಹೇಗಿದೀಯಮ್ಮಾ ಎಂದು ಅವರು ಮತ್ತೆ ಕೇಳಿದರೆ, ನಿಂತು ಉತ್ತರ ಹೇಳು.